ಎಲ್-1 ಅಂದ್ರೆ ನಿಜವಾಗ್ಲೂ ಕಡಿಮೆನಾ? ಒಂದು ಪಂಪ್, ಒಂದು ರಸ್ತೆ ಮತ್ತು ಟೆಂಡರ್ ಲೆಕ್ಕ



ನಮ್ಮ ಸಿಲಬಸ್‌ನಲ್ಲಿ ಪಂಪ್‌ನ ಎಫಿಶಿಯೆನ್ಸಿ ಕರ್ವ್ ಇದೆ, ಕಾಂಕ್ರೀಟ್ ಮಿಕ್ಸ್ ಡಿಸೈನ್ ಇದೆ, ಟ್ರಾನ್ಸ್‌ಫಾರ್ಮರ್ ಲಾಸ್ ಇದೆ. ಆದರೆ ಆ ಪಂಪನ್ನೋ ಟ್ರಾನ್ಸ್‌ಫಾರ್ಮರನ್ನೋ ಸರ್ಕಾರ ಹೇಗೆ ಕೊಳ್ಳುತ್ತದೆ ಅನ್ನೋದು ಎರಡನೇ ವರ್ಷದವರೆಗೂ ಎಲ್ಲೂ ಬಂದಿಲ್ಲ. ಮುಂದೆ ಎಸ್ಟಿಮೇಶನ್ ಪೇಪರ್‌ನಲ್ಲಿ ಟೆಂಡರ್ ಬಗ್ಗೆ ಒಂಚೂರು ಬರುತ್ತೆ ಅಂತ ಸಿವಿಲ್‌ನ ಸೀನಿಯರ್‌ಗಳು ಹೇಳ್ತಾರೆ. ಮೆಕ್ಯಾನಿಕಲ್‌ನವರಾದ ನಮಗೆ ಅದೂ ಇಲ್ಲ. ನಾವು ಲ್ಯಾಬ್‌ನಲ್ಲಿ ಎರಡು ಪರ್ಸೆಂಟ್ ಎಫಿಶಿಯೆನ್ಸಿಗೆ ಅಷ್ಟೆಲ್ಲ ರೀಡಿಂಗ್ ತಗೋತೀವಿ. ಹೊರಗಡೆ ಟೆಂಡರ್‌ನ ಒಂದು ಸಾಲು ಹತ್ತು ಪರ್ಸೆಂಟ್ ಎಫಿಶಿಯೆನ್ಸಿಯನ್ನು ನುಂಗಿ ಹಾಕಿರುತ್ತೆ. ಅದಕ್ಕೇ ಈ ಲೇಖನ. ಸ್ವಲ್ಪ ಲೆಕ್ಕ ಇದೆ, ಪೆನ್ನು ಇಟ್ಕೊಳ್ಳಿ.

ಮೊದಲು ಎಲ್-1 ಅಂದ್ರೇನು ನೋಡೋಣ. ಫೆಸ್ಟ್‌ಗೆ ಟಿ-ಶರ್ಟ್ ಮಾಡಿಸಬೇಕು ಅಂದ್ರೆ ಆಫೀಸ್‌ನಲ್ಲಿ "ಮೂರು ಕೊಟೇಶನ್ ತಗೊಂಡು ಬನ್ರಪ್ಪ" ಅಂತಾರಲ್ಲ, ಅದೇ ತತ್ವ. ಮೂರರಲ್ಲಿ ಯಾರು ಕಡಿಮೆಯೋ ಅವರಿಗೆ ಆರ್ಡರ್. ಸರ್ಕಾರದಲ್ಲಿ ಇದನ್ನೇ ದೊಡ್ಡದಾಗಿ, ಕಾನೂನಿನ ಪ್ರಕಾರ ಮಾಡ್ತಾರೆ. ಟೆಂಡರ್ ಹಾಕಿದವರ ದರಗಳನ್ನು ಕಡಿಮೆಯಿಂದ ಹೆಚ್ಚಿಗೆ ಜೋಡಿಸಿದರೆ ಮೊದಲು ಬರುವವನು ಎಲ್-1, ಆಮೇಲೆ ಎಲ್-2, ಎಲ್-3. ದೊಡ್ಡ ಕೆಲಸಗಳಿಗೆ ಎರಡು ಲಕೋಟೆ ಪದ್ಧತಿ ಇರುತ್ತೆ. ಮೊದಲ ಲಕೋಟೆಯಲ್ಲಿ ತಾಂತ್ರಿಕ ವಿವರ: ಹಿಂದೆ ಎಷ್ಟು ಕೆಲಸ ಮಾಡಿದ್ದೀರಿ, ಯಂತ್ರ ಇದೆಯಾ, ವಹಿವಾಟು ಎಷ್ಟು. ಅದರಲ್ಲಿ ಪಾಸ್ ಆದವರ ಎರಡನೇ ಲಕೋಟೆ ಮಾತ್ರ ತೆಗೀತಾರೆ. ಈಗ ಎಲ್ಲ ಆನ್‌ಲೈನ್ ಆಗಿರೋದರಿಂದ ಲಕೋಟೆ ಅನ್ನೋದು ಹೆಸರಿಗೆ ಮಾತ್ರ. ಆದರೆ ನಿಯಮ ಅದೇ. ಮೊದಲ ಹಂತ ಬರೀ ಪಾಸ್ ಅಥವಾ ಫೇಲ್. 36 ತಗೊಂಡವನೂ ಪಾಸ್, 96 ತಗೊಂಡವನೂ ಪಾಸ್. ಆಮೇಲೆ ಇಬ್ಬರ ನಡುವೆ ನಿರ್ಧರಿಸೋದು ದರ ಒಂದೇ.

ಕರ್ನಾಟಕದಲ್ಲಿ ಇದಕ್ಕೆ ಆಧಾರ 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ. ಪತ್ರಿಕೆಗಳಲ್ಲಿ ಕೆಟಿಪಿಪಿ ಕಾಯ್ದೆ ಅಂತ ಬರುತ್ತಲ್ಲ, ಅದೇ. 2000ದಲ್ಲಿ ಇದರ ನಿಯಮಗಳು ಬಂದವು. ಹೆಸರಿನಲ್ಲೇ "ಪಾರದರ್ಶಕತೆ" ಇದೆ ನೋಡಿ. ಕಾಯ್ದೆ ಹುಟ್ಟಿದ್ದೇ ಇಷ್ಟ ಬಂದವರಿಗೆ ಕೆಲಸ ಕೊಡೋದನ್ನು ತಡೆಯೋಕೆ. ಹಾಗಾಗಿ ಎಲ್-1 ಅನ್ನು ಸುಮ್ಮನೆ ಬೈಯೋದು ಸರಿ ಅಲ್ಲ ಅನ್ನೋದು ನನ್ನ ಅಭಿಪ್ರಾಯ. "ಕಡಿಮೆ ದರ" ಅನ್ನೋದು ಒಂದು ಸಂಖ್ಯೆ. ಅದನ್ನು ಯಾರು ಬೇಕಾದ್ರೂ ಪರೀಕ್ಷಿಸಬಹುದು, ಕೋರ್ಟ್‌ಗೂ ತಗೊಂಡು ಹೋಗಬಹುದು. "ಇವರ ಕ್ವಾಲಿಟಿ ನಮಗೆ ಇಷ್ಟ ಆಯ್ತು" ಅನ್ನೋದನ್ನು ಯಾರೂ ಪರೀಕ್ಷಿಸೋಕೆ ಆಗಲ್ಲ. ಅದೇ ಕಾಯ್ದೆಯ 4(ಜಿ) ಕಲಂ ಪ್ರಕಾರ ಸರ್ಕಾರ ಅಧಿಸೂಚನೆ ಹೊರಡಿಸಿ ಟೆಂಡರ್ ಇಲ್ಲದೆ ನೇರವಾಗಿ ಕೆಲಸ ವಹಿಸಬಹುದು. ಯಾವ ಪಕ್ಷದ ಸರ್ಕಾರ ಇದ್ದರೂ ವಿರೋಧ ಪಕ್ಷದವರು ಈ 4(ಜಿ) ಬಗ್ಗೆ ಗಲಾಟೆ ಮಾಡೋದನ್ನು ಪೇಪರ್‌ನಲ್ಲಿ ನೀವು ಓದಿರ್ತೀರಿ.

ಸಮಸ್ಯೆ ಎಲ್-1 ಅಲ್ಲ. ಅದರಲ್ಲಿ ಅಳೀತಾ ಇರೋದು ಏನು ಅನ್ನೋದು.

ಒಂದು ಲೆಕ್ಕ ಮಾಡೋಣ. ಸಂಖ್ಯೆಗಳು ನಾನು ಉದಾಹರಣೆಗೆ ಇಟ್ಟುಕೊಂಡಿದ್ದು, ಆದರೆ ತೀರಾ ಅಸಹಜವಾದವಲ್ಲ. ಒಂದು ಊರಿನ ಕುಡಿಯುವ ನೀರಿನ ಯೋಜನೆ. ಸೆಕೆಂಡಿಗೆ 20 ಲೀಟರ್ ನೀರನ್ನು 30 ಮೀಟರ್ ಹೆಡ್‌ಗೆ ಎತ್ತಬೇಕು. ದಿನಕ್ಕೆ 8 ಗಂಟೆ, ವರ್ಷ ಪೂರ್ತಿ. ಫ್ಲೂಯಿಡ್ಸ್‌ನಲ್ಲಿ ಓದಿದ ಸೂತ್ರವೇ ಸಾಕು: ಸಾಂದ್ರತೆ, ಗುರುತ್ವ, ಹರಿವು, ಹೆಡ್ ಗುಣಿಸಿ. 1000 × 9.81 × 0.02 × 30. ಸುಮಾರು 5.89 ಕಿಲೋವ್ಯಾಟ್ ಬರುತ್ತೆ. ಇದು ನೀರಿಗೆ ಸೇರಬೇಕಾದ ಶಕ್ತಿ. ಮೀಟರ್ ಓಡೋದು ಇದನ್ನು ಪಂಪ್ ಮತ್ತು ಮೋಟಾರ್‌ನ ಒಟ್ಟು ಎಫಿಶಿಯೆನ್ಸಿಯಿಂದ ಭಾಗಿಸಿದ ಸಂಖ್ಯೆಗೆ.

ಟೆಂಡರ್‌ಗೆ ಇಬ್ಬರು ಬಂದಿದ್ದಾರೆ ಅಂದ್ಕೊಳ್ಳಿ. ಒಬ್ಬರ ಪಂಪ್‌ಸೆಟ್ 1.5 ಲಕ್ಷ ರೂಪಾಯಿ, ಒಟ್ಟು ಎಫಿಶಿಯೆನ್ಸಿ 50 ಪರ್ಸೆಂಟ್. ಇನ್ನೊಬ್ಬರದ್ದು 2.3 ಲಕ್ಷ, 62 ಪರ್ಸೆಂಟ್. ಟೆಂಡರ್ ಕೇಳಿದ ಡಿಸ್ಚಾರ್ಜ್ ಮತ್ತು ಹೆಡ್ ಇಬ್ಬರದ್ದೂ ಕೊಡುತ್ತೆ. ಹಾಗಾಗಿ ಇಬ್ಬರೂ ತಾಂತ್ರಿಕವಾಗಿ ಪಾಸ್. ಎಲ್-1 ಯಾರು? ಮೊದಲನೆಯವರು. 80 ಸಾವಿರ ಉಳೀತು ಅಂತ ಫೈಲ್‌ನಲ್ಲಿ ಬರುತ್ತೆ.

ಈಗ ಕರೆಂಟ್. ಮೊದಲನೆಯದು 11.77 ಕಿಲೋವ್ಯಾಟ್ ಎಳೆಯುತ್ತೆ, ಎರಡನೆಯದು ಸುಮಾರು 9.49. ವರ್ಷಕ್ಕೆ 2920 ಗಂಟೆ. ಯೂನಿಟ್‌ಗೆ 7 ರೂಪಾಯಿ ಅಂತ ಇಟ್ಕೊಂಡ್ರೆ ಮೊದಲ ಪಂಪಿನ ವಾರ್ಷಿಕ ಬಿಲ್ ಸುಮಾರು 2.41 ಲಕ್ಷ, ಎರಡನೆಯದರದ್ದು 1.94 ಲಕ್ಷ. ಅಂದರೆ ವರ್ಷಕ್ಕೆ 46 ಸಾವಿರಕ್ಕೂ ಹೆಚ್ಚು ವ್ಯತ್ಯಾಸ. ಉಳಿಸಿದ 80 ಸಾವಿರ ಎರಡು ವರ್ಷ ಆಗೋದ್ರೊಳಗೆ ಕರೆಂಟ್ ಬಿಲ್‌ನಲ್ಲಿ ಹೋಯ್ತು. ಆಮೇಲಿನ ಎಂಟು ವರ್ಷ ಬರೀ ನಷ್ಟ.

"ಹತ್ತು ವರ್ಷದ ನಂತರದ ರೂಪಾಯಿ ಇವತ್ತಿನ ರೂಪಾಯಿ ಅಲ್ಲ" ಅಂತ ಯಾರಾದ್ರೂ ಕೇಳಬಹುದು. ಸರಿಯಾದ ಪ್ರಶ್ನೆ. ಅದಕ್ಕೇ ಡಿಸ್ಕೌಂಟ್ ಮಾಡೋದು. 8 ಪರ್ಸೆಂಟ್ ದರದಲ್ಲಿ 10 ವರ್ಷಕ್ಕೆ ಗುಣಕ 6.71. ವಾರ್ಷಿಕ ಬಿಲ್ಲನ್ನು ಅದರಿಂದ ಗುಣಿಸಿ ಪಂಪಿನ ಬೆಲೆ ಸೇರಿಸಿ. ಮೊದಲನೆಯದು 17.64 ಲಕ್ಷ, ಎರಡನೆಯದು 15.32 ಲಕ್ಷ. ರಿಪೇರಿ ಖರ್ಚು ನಾನು ಸೇರಿಸಿಲ್ಲ. ಇದಕ್ಕೆ ಜೀವಿತಾವಧಿ ವೆಚ್ಚ ಅಂತಾರೆ. ಈ ಲೆಕ್ಕದಲ್ಲಿ ಎಲ್-1 ಎರಡನೆಯವರು, ಅದೂ 2.3 ಲಕ್ಷದ ಅಂತರದಲ್ಲಿ. ಇನ್ನೊಂದು ಗಮನಿಸಿ: ಮೊದಲ ಪಂಪಿನ ಒಟ್ಟು ಖರ್ಚಿನಲ್ಲಿ ಅದರ ಕೊಳ್ಳುವ ಬೆಲೆ 9 ಪರ್ಸೆಂಟ್‌ಗಿಂತ ಕಡಿಮೆ. ನಾವು ಟೆಂಡರ್ ಕರೆದು, ಕಮಿಟಿ ಮಾಡಿ, ಸಹಿ ಹಾಕಿ ಹೋಲಿಸಿದ್ದು ಆ 9 ಪರ್ಸೆಂಟನ್ನು. ಉಳಿದ 91 ಪರ್ಸೆಂಟನ್ನು ಯಾರೂ ಹೋಲಿಸಲೇ ಇಲ್ಲ.

ಈ ಎರಡನೇ ವಿಧಾನದಲ್ಲೂ ಅಧಿಕಾರಿಯ ಇಷ್ಟಾನಿಷ್ಟಕ್ಕೆ ಜಾಗ ಇಲ್ಲ ಅನ್ನೋದು ನನಗೆ ಮುಖ್ಯ ಅನ್ಸುತ್ತೆ. ದಿನಕ್ಕೆ ಎಷ್ಟು ಗಂಟೆ, ಯೂನಿಟ್ ದರ ಎಷ್ಟು, ಎಷ್ಟು ವರ್ಷ, ಡಿಸ್ಕೌಂಟ್ ದರ ಎಷ್ಟು, ಇದನ್ನೆಲ್ಲ ಟೆಂಡರ್ ಪ್ರಕಟಿಸುವಾಗಲೇ ಬರೆದುಬಿಟ್ಟರೆ ಆಯ್ತು. ಎಫಿಶಿಯೆನ್ಸಿಯನ್ನು ಟೆಸ್ಟ್ ರಿಪೋರ್ಟ್‌ನಿಂದ ತಗೊಳ್ಳಿ, ಹಾಕಿದ ಮೇಲೆ ಸೈಟ್‌ನಲ್ಲಿ ಅಳೆದು ನೋಡಿ, ಹೇಳಿದ್ದಕ್ಕಿಂತ ಕಡಿಮೆ ಬಂದರೆ ದಂಡ ಹಾಕಿ. ಕೊನೆಗೆ ಬರೋದು ಮತ್ತೆ ಒಂದೇ ಸಂಖ್ಯೆ. ಪಾರದರ್ಶಕತೆಯೂ ಉಳೀತು, ಕರೆಂಟೂ ಉಳೀತು.

ಹಾಗಾದ್ರೆ ಯಾಕೆ ಎಲ್ಲ ಕಡೆ ಹೀಗೆ ಮಾಡಲ್ಲ?

ಮೊದಲ ಕಾರಣ, ಕೊಳ್ಳುವವರು ಬೇರೆ, ಬಿಲ್ ಕಟ್ಟುವವರು ಬೇರೆ. ಯೋಜನೆ ಮಾಡಿಸೋದು ಒಂದು ಇಲಾಖೆ, ಬಂಡವಾಳ ವೆಚ್ಚದ ಲೆಕ್ಕದಲ್ಲಿ. ಮುಗಿದ ಮೇಲೆ ಅದನ್ನು ಗ್ರಾಮ ಪಂಚಾಯಿತಿಗೆ ಹಸ್ತಾಂತರ ಮಾಡ್ತಾರೆ. ಕರೆಂಟ್ ಬಿಲ್ ಬರೋದು ಪಂಚಾಯಿತಿ ಹೆಸರಿಗೆ. ಬೀದಿ ದೀಪ ಮತ್ತು ನೀರು ಸರಬರಾಜಿನ ಬಿಲ್ ಬಾಕಿಗಾಗಿ ಪಂಚಾಯಿತಿಗಳಿಗೂ ಎಸ್ಕಾಂಗಳಿಗೂ ಜಗ್ಗಾಟ ನಡೆಯೋದು, ಕೆಲವು ಕಡೆ ಫ್ಯೂಸ್ ಕೀಳೋದು ನಿಮ್ಮೂರಲ್ಲೂ ಆಗಿರಬಹುದು. ಆ ಬಾಕಿಯಲ್ಲಿ ಒಂದು ಭಾಗ ಪಂಪ್ ಕೊಂಡ ದಿನವೇ ಬರೆದಾಗಿರುತ್ತೆ. ಫ್ಯೂಸ್ ಕಿತ್ತ ದಿನ ಕೊಡ ಹಿಡ್ಕೊಂಡು ನಿಲ್ಲೋರಿಗೆ ಆ ಟೆಂಡರ್ ಯಾವ ಇಲಾಖೆಯದ್ದು ಅಂತ ಗೊತ್ತೂ ಇರಲ್ಲ.

ಎರಡನೆಯದು ಭಯ. ಇಲಾಖೆಯಲ್ಲಿ ಕೆಲಸ ಮಾಡೋ ಹತ್ತಿರದ ಸಂಬಂಧಿಯೊಬ್ಬರ ಹತ್ರ ನಾನು ಇದೇ ಪಂಪ್ ಲೆಕ್ಕ ತೋರಿಸಿದೆ. ಅವರು ನೋಡಿ, "ಲೆಕ್ಕ ಸರಿ ಇದೆ ಮರಿ. ಆದ್ರೆ ಎಲ್-1ಗೆ ಕೊಟ್ಟು ಪಂಪ್ ಸುಟ್ಟೋದ್ರೆ ಯಾರೂ ನನ್ನ ಕೇಳಲ್ಲ. ಎಲ್-2ಗೆ ಕೊಟ್ಟು ಪಂಪ್ ಚೆನ್ನಾಗಿ ಓಡಿದ್ರೂ ಆಡಿಟ್‌ನಲ್ಲಿ ಕೇಳ್ತಾರೆ" ಅಂದ್ರು. ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಯೋಚನೆ ಮಾಡಿದ್ರೆ ಅವರು ಹೇಳಿದ್ದರಲ್ಲೇ ಉತ್ತರ ಇದೆ ಅನ್ಸುತ್ತೆ. ಮೌಲ್ಯಮಾಪನದ ಸೂತ್ರವೇ ಟೆಂಡರ್ ದಾಖಲೆಯಲ್ಲಿ ಇದ್ದರೆ ಅವರು ಎಲ್-2ಗೆ ಕೊಟ್ಟ ಹಾಗೆ ಆಗಲ್ಲ, ಆ ಸೂತ್ರದ ಪ್ರಕಾರ ಬಂದ ಎಲ್-1ಗೇ ಕೊಟ್ಟ ಹಾಗೆ. ಆದರೆ ಆ ಸೂತ್ರ ಒಬ್ಬ ಇಂಜಿನಿಯರ್‌ನ ಧೈರ್ಯದ ಮೇಲೆ ನಿಲ್ಲಬಾರದು. ಇಲಾಖೆಯ ಮಾದರಿ ಟೆಂಡರ್ ದಾಖಲೆಯಲ್ಲೇ ಇರಬೇಕು.

ಮೂರನೆಯದು ಎಸ್‌ಆರ್. ಲೋಕೋಪಯೋಗಿ ಇಲಾಖೆಯವರ ದರಪಟ್ಟಿ. ಅಂದಾಜು ಪಟ್ಟಿ ಮಾಡುವಾಗ ಪ್ರತಿ ಐಟಂಗೂ ಇದರ ದರ ಹಾಕ್ತಾರೆ. ಪಟ್ಟಿಯಲ್ಲಿ ಇಲ್ಲದ ವಸ್ತು ಹಾಕಬೇಕು ಅಂದ್ರೆ ಮಾರುಕಟ್ಟೆಯಿಂದ ಕೊಟೇಶನ್ ತಗೋಬೇಕು, ದರ ವಿಶ್ಲೇಷಣೆ ಮಾಡಬೇಕು, ಮೇಲಿನವರ ಒಪ್ಪಿಗೆ ಬೇಕು. ಅಷ್ಟು ಕಷ್ಟ ಪಡೋದಕ್ಕಿಂತ ಹಳೇ ಐಟಮ್ಮೇ ಹಾಕೋದು ಸುಲಭ. ಅಂದ್ರೆ ಹೊಸ ವಸ್ತು ಸೋಲೋದು ಟೆಂಡರ್‌ನಲ್ಲಿ ಅಲ್ಲ, ಟೆಂಡರ್‌ಗಿಂತ ಎಷ್ಟೋ ಮೊದಲು, ಯಾರದ್ದೋ ಟೇಬಲ್ ಮೇಲಿರೋ ಎಕ್ಸೆಲ್ ಶೀಟ್‌ನಲ್ಲಿ.

ಇದಕ್ಕೆ ಒಳ್ಳೆಯ ಉದಾಹರಣೆ ಕಟ್ಟಡ ಒಡೆದ ತ್ಯಾಜ್ಯ. ನಮ್ಮ ಕಾಂಕ್ರೀಟ್ ಲ್ಯಾಬ್‌ನವರಿಗೆ ಐಎಸ್ 383 ಗೊತ್ತಿರುತ್ತೆ. ಅದರ 2016ರ ಪರಿಷ್ಕರಣೆಯಲ್ಲಿ ಹಳೇ ಕಾಂಕ್ರೀಟ್ ಪುಡಿ ಮಾಡಿ ಬಂದ ಜಲ್ಲಿಯನ್ನು ಸಾದಾ ಕಾಂಕ್ರೀಟ್‌ನಲ್ಲಿ 25 ಪರ್ಸೆಂಟ್‌ವರೆಗೆ, ಎಂ25ವರೆಗಿನ ಕಬ್ಬಿಣ ಹಾಕಿದ ಕಾಂಕ್ರೀಟ್‌ನಲ್ಲಿ 20 ಪರ್ಸೆಂಟ್‌ವರೆಗೆ ಬಳಸಬಹುದು ಅಂತ ಇದೆ. ಅದೇ 2016ರಲ್ಲಿ ಬಂದ ಕೇಂದ್ರದ ನಿರ್ಮಾಣ ತ್ಯಾಜ್ಯ ನಿಯಮಗಳಲ್ಲಿ ಸರ್ಕಾರಿ ಮತ್ತು ನಗರಪಾಲಿಕೆ ಗುತ್ತಿಗೆಗಳಲ್ಲಿ ಇಂಥ ವಸ್ತುಗಳನ್ನು 10ರಿಂದ 20 ಪರ್ಸೆಂಟ್‌ನಷ್ಟು ಕಡ್ಡಾಯ ಮಾಡಬೇಕು ಅನ್ನೋ ಮಾತೂ ಇತ್ತು. ಅಂದ್ರೆ ಕೋಡ್ ಒಪ್ಪುತ್ತೆ, ನಿಯಮವೂ ಹೇಳುತ್ತೆ. ಆದರೆ ಬಿಲ್ ಆಫ್ ಕ್ವಾಂಟಿಟೀಸ್‌ನ ಸಾಲಿನಲ್ಲಿ "20 ಎಂಎಂ ಗ್ರಾನೈಟ್ ಜಲ್ಲಿ" ಅಂತ ಇದ್ದರೆ ಗುತ್ತಿಗೆದಾರ ಏನು ಮಾಡಬೇಕು? ಕ್ವಾರಿಯಿಂದ ಕಲ್ಲು ಒಡೆದೇ ತರಬೇಕು. ಈ ಕಡೆ ಹಳೇ ಕಾಂಕ್ರೀಟ್ ಕೆರೆ ಅಂಗಳದಲ್ಲಿ ಬಿದ್ದಿರುತ್ತೆ. ಬೆಂಗಳೂರಿನ ಹೊರವಲಯದಲ್ಲಿ ರಾತ್ರಿ ಟ್ರ್ಯಾಕ್ಟರ್‌ಗಳಲ್ಲಿ ತಂದು ಸುರಿಯೋದನ್ನು ನೋಡಿದವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ.

ಈಗ ರಸ್ತೆಗೆ ಬರೋಣ. ಡಾಂಬರಿಗೆ ದೊಡ್ಡ ಶತ್ರು ಲಾರಿ ಅಲ್ಲ, ನೀರು. ನೀರು ಒಳಗೆ ಇಳಿದರೆ ಜಲ್ಲಿಯಿಂದ ಡಾಂಬರು ಬಿಟ್ಟುಕೊಳ್ಳುತ್ತೆ, ಕೆಳಗಿನ ಮಣ್ಣು ಮೆತ್ತಗಾಗುತ್ತೆ, ಅದರ ಮೇಲೆ ಚಕ್ರ ಹೋದಾಗ ಗುಂಡಿ. ಹಾಗಾಗಿ ರಸ್ತೆಯ ಆಯುಸ್ಸು ಚರಂಡಿಯ ಮೇಲೆ ನಿಂತಿದೆ. ಐಆರ್‌ಸಿ 37ರ ಪ್ರಕಾರ ಡಿಸೈನ್ ಮಾಡೋದು 15, 20 ವರ್ಷಕ್ಕೆ. ಆದರೆ ಎಷ್ಟೋ ಕಡೆ ಚರಂಡಿ ಒಂದು ಟೆಂಡರ್, ರಸ್ತೆ ಇನ್ನೊಂದು ಟೆಂಡರ್, ಫುಟ್‌ಪಾತ್ ಮತ್ತೊಂದು. ಡಾಂಬರು ಆರೋದ್ರೊಳಗೆ ಜಲಮಂಡಳಿ ಪೈಪ್‌ಗೆ ಅಗೆಯುತ್ತೆ, ಬೆಸ್ಕಾಂ ಕೇಬಲ್‌ಗೆ ಅಗೆಯುತ್ತೆ, ಆಮೇಲೆ ಇಂಟರ್ನೆಟ್ ಕಂಪನಿಯವರು. ಪ್ರತಿಯೊಬ್ಬರೂ ಅವರವರ ಟೆಂಡರ್‌ನಲ್ಲಿ ದುಡ್ಡು ಉಳಿಸಿರ್ತಾರೆ. ಒಟ್ಟು ರಸ್ತೆಯ ಲೆಕ್ಕ ಯಾರ ಹತ್ರವೂ ಇರಲ್ಲ.

ಬೆಂಗಳೂರಿನ ಟೆಂಡರ್‌ಶ್ಯೂರ್ ರಸ್ತೆಗಳು ಇದಕ್ಕೆ ಒಂದು ಉತ್ತರ. ರೆಸಿಡೆನ್ಸಿ ರಸ್ತೆ, ಸೇಂಟ್ ಮಾರ್ಕ್ಸ್ ರಸ್ತೆ, ಕನ್ನಿಂಗ್‌ಹ್ಯಾಂ ರಸ್ತೆ ಇವೆಲ್ಲ ಮೊದಲ ಹಂತದಲ್ಲಿ ಆದವು. ಹೆಸರಿನಲ್ಲಿರುವ "ಶ್ಯೂರ್" ಅನ್ನೋದು ಸ್ಪೆಸಿಫಿಕೇಶನ್ಸ್ ಫಾರ್ ಅರ್ಬನ್ ರೋಡ್ ಎಕ್ಸಿಕ್ಯೂಶನ್ ಅನ್ನೋದರ ಸಂಕ್ಷೇಪ. ಜನ ಅರ್ಬನ್ ಸ್ಪೇಸ್ ಸಂಸ್ಥೆಯವರು ರೂಪಿಸಿದ್ದು. ಇದರ ಸ್ವಾರಸ್ಯ ಅಂದ್ರೆ ಸುಧಾರಣೆ ಶುರುವಾಗಿದ್ದು ರಸ್ತೆಯಲ್ಲಿ ಅಲ್ಲ, ಟೆಂಡರ್‌ನ ಸ್ಪೆಸಿಫಿಕೇಶನ್‌ನಲ್ಲಿ. ನೀರಿನ ಪೈಪು, ಒಳಚರಂಡಿ, ಮಳೆನೀರು, ಕರೆಂಟು, ಕೇಬಲ್ ಎಲ್ಲಕ್ಕೂ ಜಾಗ ಒಂದೇ ಡ್ರಾಯಿಂಗ್‌ನಲ್ಲಿ, ಒಂದೇ ಗುತ್ತಿಗೆಯಲ್ಲಿ. ಕೇಬಲ್ ಎಳೆಯೋಕೆ ಡಕ್ಟ್ ಮತ್ತು ಚೇಂಬರ್ ಇದೆ, ರಸ್ತೆ ಅಗೆಯೋದು ಬೇಡ. ಅಗಲದ ಫುಟ್‌ಪಾತ್ ಕೂಡ ಇದೇ ದಾಖಲೆಯಿಂದ ಬಂದಿದ್ದು. ಇದಕ್ಕೆ ಕಿಲೋಮೀಟರಿಗೆ ಸಾಮಾನ್ಯ ರಸ್ತೆಗಿಂತ ಎಷ್ಟೋ ಪಟ್ಟು ಜಾಸ್ತಿ ಖರ್ಚಾಯ್ತು ಅನ್ನೋ ಟೀಕೆ ಆಗಲೂ ಇತ್ತು, ಈಗಲೂ ಇದೆ. ಎಲ್ಲ ವಾರ್ಡ್ ರಸ್ತೆಗೂ ಈ ದರ ಕೊಡೋಕೆ ಆಗಲ್ಲ, ಅದನ್ನು ನಾನೂ ಒಪ್ತೀನಿ. ಆದರೆ ಗ್ರಾನೈಟ್ ಹಾಸು ಬಿಟ್ಟರೂ ಪರವಾಗಿಲ್ಲ, ಡಕ್ಟ್ ಬಿಡಬೇಡಿ ಅನ್ನೋದು ನನ್ನ ವಾದ. ಅಂದ ಆಮೇಲೂ ಸೇರಿಸಬಹುದು, ಡಕ್ಟ್ ಸೇರಿಸೋಕೆ ಮತ್ತೆ ಅಗೀಬೇಕು.

ಹಳ್ಳಿ ರಸ್ತೆಗಳಲ್ಲೂ ಒಂದು ಒಳ್ಳೇ ಅಭ್ಯಾಸ ಇದೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ರಸ್ತೆ ಮಾಡಿದ ಗುತ್ತಿಗೆದಾರನೇ ಐದು ವರ್ಷ ನಿರ್ವಹಣೆ ಮಾಡಬೇಕು ಅಂತ ಅದೇ ಒಪ್ಪಂದದಲ್ಲಿ ಇರುತ್ತೆ. ಐದು ವರ್ಷ ತಾನೇ ಗುಂಡಿ ಮುಚ್ಚಬೇಕು ಅಂತ ಗೊತ್ತಿದ್ದವನು ಚರಂಡಿ ಬಗ್ಗೆ ತಾನಾಗಿಯೇ ಯೋಚನೆ ಮಾಡ್ತಾನೆ. ಪರಿಸರ ಪ್ರೇಮ ಬೇಕಾಗಿಲ್ಲ, ಸ್ವಂತ ಜೇಬಿನ ಪ್ರೇಮ ಸಾಕು.

ಇಲ್ಲಿಂದ ಇನ್ನೊಂದು ಹೆಜ್ಜೆ ಮುಂದೆ ಹೋದರೆ, ವಸ್ತು ಕೊಳ್ಳೋದು ಬಿಟ್ಟು ಸೇವೆ ಕೊಳ್ಳೋದು. ಬಿಎಂಟಿಸಿಯ ಎಲೆಕ್ಟ್ರಿಕ್ ಬಸ್‌ಗಳಲ್ಲಿ ನೀವು ಓಡಾಡಿರ್ತೀರಿ. ಅವುಗಳಲ್ಲಿ 921 ಬಸ್ ಬಂದಿದ್ದು 2022ರ ಒಂದು ದೊಡ್ಡ ಟೆಂಡರ್‌ನಿಂದ. ಕೇಂದ್ರ ಸರ್ಕಾರಿ ವಲಯದ ಸಿಇಎಸ್‌ಎಲ್ ಬೆಂಗಳೂರು, ದೆಹಲಿ, ಕೋಲ್ಕತ್ತಾ, ಹೈದರಾಬಾದ್, ಸೂರತ್ ಐದೂ ನಗರಗಳ ಬೇಡಿಕೆ ಒಟ್ಟು ಸೇರಿಸಿ 5450 ಬಸ್‌ಗೆ ಒಂದೇ ಟೆಂಡರ್ ಕರೆಯಿತು. ಬಸ್ಸಿಗೆ ಎಷ್ಟು ಅಂತ ಕೇಳಲಿಲ್ಲ, ಕಿಲೋಮೀಟರಿಗೆ ಎಷ್ಟು ಅಂತ ಕೇಳಿತು. ಬಸ್ಸು, ಬ್ಯಾಟರಿ, ರಿಪೇರಿ, ಡ್ರೈವರ್ ಎಲ್ಲ ಕಂಪನಿಯದ್ದು, 12 ವರ್ಷ. 12 ಮೀಟರ್ ಬಸ್ಸಿಗೆ ಬಂದ ಅತಿ ಕಡಿಮೆ ದರ ಕಿಲೋಮೀಟರಿಗೆ 43.49 ರೂಪಾಯಿ, 9 ಮೀಟರಿಗೆ 39.21. ಇದರಲ್ಲಿ ಕೇಂದ್ರದ ಸಬ್ಸಿಡಿಯ ಪಾಲೂ ಇತ್ತು. ಆದರೂ ಎಲೆಕ್ಟ್ರಿಕ್ ಬಸ್ ಅಂದ್ರೆ ದುಬಾರಿ ಅಂತ ಹೇಳ್ತಿದ್ದವರ ಬಾಯಿ ಈ ದರ ಮುಚ್ಚಿಸಿತು. ಹೇಗೆ ಸಾಧ್ಯ ಆಯ್ತು ಅಂದ್ರೆ ನಮ್ಮ ಪಂಪ್ ಲೆಕ್ಕವೇ. ಎಲೆಕ್ಟ್ರಿಕ್ ಬಸ್ಸಿನ ಕೊಳ್ಳುವ ಬೆಲೆ ಜಾಸ್ತಿ, ಓಡಿಸುವ ಖರ್ಚು ಕಡಿಮೆ. ಕಿಲೋಮೀಟರಿಗೆ ದರ ಕೇಳಿದ ತಕ್ಷಣ ಎರಡೂ ಒಂದೇ ಸಂಖ್ಯೆಯೊಳಗೆ ಬಂದುಬಿಟ್ಟವು.

ಇಲ್ಲೂ ಒಂದು ಮುಳ್ಳಿದೆ. ಡ್ರೈವರ್ ಸಂಬಳವೂ ಆ ಕಿಲೋಮೀಟರ್ ದರದೊಳಗೇ ಇದೆ. ಬೆಂಗಳೂರಿನಲ್ಲಿ ಗುತ್ತಿಗೆ ಎಲೆಕ್ಟ್ರಿಕ್ ಬಸ್ ಡ್ರೈವರ್‌ಗಳು ಸಂಬಳ, ಸೌಲಭ್ಯ ಅಂತ ಬಸ್ ನಿಲ್ಲಿಸಿ ಕೂತ ಸುದ್ದಿ ನೀವು ಓದಿದ್ದೀರಿ. ದರ ಇಳಿಸೋ ಪೈಪೋಟಿಯಲ್ಲಿ ಬ್ಯಾಟರಿ ಬೆಲೆ ಇಳಿಸೋಕೆ ಆಗದಿದ್ದವರು ಮನುಷ್ಯನ ಬೆಲೆ ಇಳಿಸೋ ಅಪಾಯ ಇದ್ದೇ ಇದೆ. ಸುಸ್ಥಿರ ಅನ್ನೋ ಪದದಲ್ಲಿ ಹೊಗೆ ಮಾತ್ರ ಅಲ್ಲ, ಬಸ್ ಓಡಿಸೋನ ನಿದ್ದೆಯೂ ಬರಬೇಕು. ಕನಿಷ್ಠ ಸಂಬಳ, ಡ್ಯೂಟಿ ಗಂಟೆ, ತರಬೇತಿ ಇವನ್ನು ಪೈಪೋಟಿಯಿಂದ ಹೊರಗಿಟ್ಟು ಎಲ್ಲರಿಗೂ ಒಂದೇ ಅಂತ ಟೆಂಡರ್‌ನಲ್ಲೇ ಬರೆದು, ಆಮೇಲೆ ಉಳಿದಿದ್ದಕ್ಕೆ ಪೈಪೋಟಿ ಮಾಡಿಸಬೇಕು.

ಬೇಡಿಕೆ ಒಟ್ಟು ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ಹಳೇ ಉದಾಹರಣೆ ಎಲ್‌ಇಡಿ ಬಲ್ಬ್. ನಮ್ಮ ರಾಜ್ಯದಲ್ಲಿ "ಹೊಸ ಬೆಳಕು" ಅಂತ ಕೊಟ್ಟಿದ್ದು, ದೇಶದಲ್ಲಿ ಉಜಾಲಾ. ಇಇಎಸ್‌ಎಲ್ 2014ರ ಆರಂಭದಲ್ಲಿ ಒಂದು ಬಲ್ಬಿಗೆ 310 ರೂಪಾಯಿ ಕೊಟ್ಟು ಕೊಳ್ಳುತ್ತಿತ್ತು, 2016ಕ್ಕೆ ಅದು 38 ರೂಪಾಯಿಗೆ ಬಂತು. ಪ್ರಪಂಚದಲ್ಲೇ ಎಲ್‌ಇಡಿ ಬೆಲೆ ಇಳೀತಿತ್ತು ನಿಜ, ಆದರೆ ಕೋಟಿಗಟ್ಟಲೆ ಬಲ್ಬಿಗೆ ಮತ್ತೆ ಮತ್ತೆ ಟೆಂಡರ್ ಕರೆದಿದ್ದು ಅದನ್ನು ಇನ್ನೂ ಬೇಗ ಇಳಿಸಿತು. ಮೂರು ವರ್ಷದ ಗ್ಯಾರಂಟಿಯೂ ಜೊತೆಗಿತ್ತು. ಒಂದೊಂದು ಪುರಸಭೆ ಐನೂರು, ಸಾವಿರ ಬಲ್ಬ್ ಕೊಂಡಿದ್ದರೆ ಈ ದರ ಸಿಗ್ತಿರಲಿಲ್ಲ. ಇದೇ ತರ್ಕವನ್ನು ನೀರಿನ ಪಂಪ್‌ಗೂ ಹಾಕಬಹುದಲ್ಲ?

ಕೇಂದ್ರದ ನಿಯಮಗಳು ಈಗಾಗಲೇ ಸ್ವಲ್ಪ ಬಾಗಿಲು ತೆಗೆದಿವೆ. 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಅಧಿಸೂಚಿತ ವಿದ್ಯುತ್ ಉಪಕರಣಗಳಿಗೆ ನಿಗದಿತ ಸ್ಟಾರ್ ರೇಟಿಂಗ್ ಇರಲೇಬೇಕು ಅಂತ ಇದೆ. 2021ರ ಅಕ್ಟೋಬರ್‌ನಲ್ಲಿ ಕೇಂದ್ರ ಹಣಕಾಸು ಸಚಿವಾಲಯ, ಗುಣಮಟ್ಟ ಮುಖ್ಯವಾದ ಕೆಲಸ ಅಂತ ಮೊದಲೇ ಘೋಷಿಸಿದ ಕಾಮಗಾರಿಗಳಲ್ಲಿ ದರದ ಜೊತೆ ಗುಣಮಟ್ಟಕ್ಕೂ ಅಂಕ ಕೊಡಬಹುದು, ಆದರೆ 30 ಪರ್ಸೆಂಟ್ ಮೀರಬಾರದು ಅಂತ ಹೇಳಿತು. ಪಾಸ್-ಫೇಲ್ ಬಿಟ್ಟು ಗ್ರೇಡಿಂಗ್‌ಗೆ ಬಂದ ಹಾಗೆ. ಈ ಅಂಕಗಳ ಬಗ್ಗೆ ನನಗೆ ಸ್ವಲ್ಪ ಅನುಮಾನ ಇದೆ. "ಕಾರ್ಯವಿಧಾನ ಚೆನ್ನಾಗಿದೆ, 30ಕ್ಕೆ 24" ಅಂತ ಕೊಡೋಕೆ ಶುರು ಮಾಡಿದ್ರೆ ನಮ್ಮ ವೈವಾ ಮಾರ್ಕ್ಸ್ ತರ ಆಗಬಹುದು. ಅದಕ್ಕಿಂತ ಎಲ್ಲವನ್ನೂ ರೂಪಾಯಿಗೆ ಪರಿವರ್ತಿಸೋದು ಮೇಲು.

ನೆದರ್ಲೆಂಡ್ಸ್‌ನವರು ಮಾಡೋದು ಇದನ್ನೇ. ಅಲ್ಲಿನ ರಸ್ತೆ ಮತ್ತು ಜಲಮಾರ್ಗ ಇಲಾಖೆ ರೈಕ್ಸ್‌ವಾಟರ್‌ಸ್ಟಾಟ್ ಟೆಂಡರ್ ಕರೆದಾಗ, ಬಳಸೋ ವಸ್ತುಗಳಿಂದ ಪರಿಸರಕ್ಕೆ ಆಗೋ ಹಾನಿಯನ್ನು ಒಂದು ಸಾಫ್ಟ್‌ವೇರ್‌ನಲ್ಲಿ ಹಾಕಿ ಯೂರೋಗಳಲ್ಲಿ ತೋರಿಸಬೇಕು. ಹಾನಿ ಕಡಿಮೆ ಇದ್ದವರಿಗೆ ಹೋಲಿಕೆ ಮಾಡುವಾಗ ಮಾತ್ರ ಕಾಲ್ಪನಿಕ ರಿಯಾಯಿತಿ ಸಿಗುತ್ತೆ. ದುಡ್ಡು ಕೊಡೋದು ಅವರು ಬರೆದ ದರವನ್ನೇ. ಗೆದ್ದ ಮೇಲೆ ಮಾತು ಉಳಿಸಿಕೊಳ್ಳದಿದ್ದರೆ ದಂಡ. ಕೊನೆಗೆ ಅಲ್ಲೂ ಸಾಲಿನಲ್ಲಿ ಮೊದಲು ನಿಲ್ಲೋದು ಕಡಿಮೆ ಸಂಖ್ಯೆಯವರೇ.

ಇನ್ನೊಂದು ಮಾತು, ಇದನ್ನು ಯಾರೂ ಸುಸ್ಥಿರತೆ ಅಂತ ಲೆಕ್ಕಕ್ಕೆ ತಗೊಳ್ಳಲ್ಲ: ಬಿಲ್ ಸಮಯಕ್ಕೆ ಕೊಡೋದು. ನಮ್ಮ ರಾಜ್ಯದ ಗುತ್ತಿಗೆದಾರರು ಬಾಕಿ ಬಿಲ್‌ಗಾಗಿ ಎಷ್ಟು ಸಲ ಪ್ರತಿಭಟನೆ ಮಾಡಿಲ್ಲ? ದುಡ್ಡು ಯಾವಾಗ ಬರುತ್ತೋ ಗೊತ್ತಿಲ್ಲದವನು ಬಡ್ಡಿಯನ್ನೂ ದರಕ್ಕೆ ಸೇರಿಸ್ತಾನೆ, ಇಲ್ಲಾ ಡಾಂಬರಿನ ದಪ್ಪದಲ್ಲಿ ಕಳೀತಾನೆ. ಸಣ್ಣ, ಪ್ರಾಮಾಣಿಕ ಗುತ್ತಿಗೆದಾರ ಸಾಲ ತಾಳಲಾರದೆ ಟೆಂಡರ್ ಹಾಕೋದೇ ಬಿಡ್ತಾನೆ. ಇದರ ಜೊತೆಗೆ ಮಾರ್ಚ್ ತಿಂಗಳ ಅಲ್ಪಾವಧಿ ಟೆಂಡರ್‌ಗಳು. ಅನುದಾನ ವಾಪಸ್ ಹೋಗುತ್ತೆ ಅಂತ ಅವಸರ. ಅಷ್ಟು ಕಡಿಮೆ ಸಮಯದಲ್ಲಿ ಯಾರು ಜೀವಿತಾವಧಿ ವೆಚ್ಚ ಕೂಡಿ ಕಳೀತಾರೆ?

ಈಗ ನಾವು ಮಾಡಬಹುದಾದ್ದು. ರಾಜ್ಯದ ಸಂಗ್ರಹಣಾ ಪೋರ್ಟಲ್‌ನಲ್ಲಿ ನಿಮ್ಮ ತಾಲೂಕಿನ ಯಾವುದಾದರೂ ಟೆಂಡರ್ ಹುಡುಕಿ ಓದಿ. ಭಾಷೆ ಒಣ ಒಣ, ಗೊತ್ತು. ಆದರೆ "ಕಾಮಗಾರಿ", "ಇಎಂಡಿ", "ಭದ್ರತಾ ಠೇವಣಿ", "ದೋಷ ಹೊಣೆಗಾರಿಕೆ ಅವಧಿ" ಇಷ್ಟು ಪದ ಅರ್ಥ ಆದ್ರೆ ಉಳಿದದ್ದು ತಾನೇ ಅರ್ಥ ಆಗುತ್ತೆ. ಮೋಟಾರ್ ಪಂಪ್ ಇದ್ದರೆ ಎಫಿಶಿಯೆನ್ಸಿ ಅನ್ನೋ ಪದ ಇದೆಯಾ, ಬರೀ ಎಚ್‌ಪಿ ಮಾತ್ರ ಇದೆಯಾ ನೋಡಿ. ರಸ್ತೆ ಇದ್ದರೆ ಚರಂಡಿ ಅದೇ ಟೆಂಡರ್‌ನಲ್ಲಿದೆಯಾ ನೋಡಿ. ದೋಷ ಹೊಣೆಗಾರಿಕೆ ಎಷ್ಟು ವರ್ಷ ಅಂತ ನೋಡಿ. ಮುಂದೆ ನಮ್ಮಲ್ಲೇ ಕೆಲವರು ಕೆಪಿಎಸ್‌ಸಿ ಬರೆದು ಎಇ ಆಗ್ತಾರೆ, ಕೆಲವರು ಕನ್ಸಲ್ಟೆನ್ಸಿಯಲ್ಲಿ ಡಿಪಿಆರ್ ಬರೀತಾರೆ. ಆ ಎಕ್ಸೆಲ್ ಶೀಟ್ ತುಂಬೋದು ನಾವೇ.

ನಮ್ಮ ಬ್ಯಾಚ್‌ನ ಮೂರು ಜನ ಸೇರಿ ಇದನ್ನು ಮಿನಿ ಪ್ರಾಜೆಕ್ಟ್ ಮಾಡೋಣ ಅಂತಿದ್ದೀವಿ. ದಸರಾ ರಜೆಗೆ ಊರಿಗೆ ಹೋದಾಗ ನಿಮ್ಮ ಊರಿನ ನೀರಿನ ಪಂಪ್‌ಹೌಸ್‌ಗೆ ಹೋಗಿ, ವಾಟರ್‌ಮ್ಯಾನ್ ಅಣ್ಣನ ಹತ್ರ ಕೇಳಿಕೊಂಡು ಮೂರು ವಿವರ ತನ್ನಿ: ಮೋಟಾರಿನ ನೇಮ್‌ಪ್ಲೇಟ್‌ನಲ್ಲಿ ಇರೋದು, ದಿನಕ್ಕೆ ಎಷ್ಟು ಗಂಟೆ ಓಡುತ್ತೆ, ಟ್ಯಾಂಕ್ ಎಷ್ಟು ಎತ್ತರ ಮತ್ತು ಎಷ್ಟು ಹೊತ್ತಿಗೆ ತುಂಬುತ್ತೆ. ಪಂಚಾಯಿತಿಯವರು ಒಂದು ತಿಂಗಳ ಕರೆಂಟ್ ಬಿಲ್ ತೋರಿಸಿದರೆ ಇನ್ನೂ ಒಳ್ಳೇದು. ಮೇಲಿನ ಸೂತ್ರಕ್ಕೆ ಅಷ್ಟು ಸಾಕು. ಕನ್ನಡ ಸಂಘದ ಬುಧವಾರದ ಭೇಟಿಗೆ ತಂದುಕೊಡಿ, ಲೆಕ್ಕ ಒಟ್ಟಿಗೆ ಮಾಡೋಣ.